ಎದುರು ಬೆಂಚಿನಲ್ಲಿ ಜನ ಉಂಟು

ನಮ್ಮ ಮೊಂಬಾಸಾದಲ್ಲಿ ಕನ್ನಡ ಓದಬಲ್ಲ ಮನೆಗಳು ಬೆರಳೆಣಿಕೆಯಷ್ಟು. ಆ ಮನೆಗಳಿಂದ ಯಾರು ಹಡಗು ಹತ್ತಿ ಹೋಗಿ ಬಂದರೂ 'ಊರಿಗೆ ಹೋಗಿ ಬಂದೆ' ಎನ್ನುತ್ತಾರೆ. ನಾನು ಹಾಗೆ ಹೇಳಿಕೊಳ್ಳುವಂತಿಲ್ಲ. ನಾನು ಹುಟ್ಟಿದ್ದು ಇಲ್ಲಿ, ಶಾಲೆಯಲ್ಲಿ ಪಾಠ ಹೇಳಿಕೊಡುವುದು ಇಲ್ಲಿ. ನನ್ನ ಅಮ್ಮ ಕೂಡ ಇಲ್ಲಿಯೇ ಹುಟ್ಟಿದ ಕಚ್ಛಿನವರ ಮಗಳು. ಹಾಗಾಗಿ ಬಂಟ್ವಾಳ ತಾಲೂಕು ನನಗೆ ಅಪ್ಪಟ ಪರದೇಶ. ಆದರೆ ಅಮ್ಮ ಹಾಲು ಕುಡಿಸಿದಷ್ಟೇ ಧಾರಾಳವಾಗಿ ಅಪ್ಪ ನನಗೆ ಆ ಪರದೇಶದ ಹಂಬಲವನ್ನು ಕುಡಿಸಿದ್ದರು.

ಅಪ್ಪ ವಾಮದಪದವಿನವರು. ಮೊಂಬಾಸಾದಲ್ಲಿ ಅವರಿಗೊಂದು ಶೆಡ್ಡು ಇದೆ. ಮೂಟೆ ಹೊತ್ತು ಹೊತ್ತು ಸೊಂಟ ಬಿದ್ದ ಪಿಕಪ್ ಗಾಡಿಗಳು ಅಲ್ಲಿಗೆ ಬರುತ್ತವೆ. ಅಪ್ಪ ಹಿಂಬದಿಗೆ ಹಲಗೆ ಹೊಡೆದು, ಎರಡು ಬೆಂಚು ಕೂರಿಸಿ, ಮೇಲೆ ಟರ್ಪಾಲು ಕಟ್ಟಿ, ಹಿಂದೆ ಹತ್ತಲು ಒಂದು ಮೆಟ್ಟಿಲು ಮಾಡಿ, ಜನ ಕೂರುವ ಗಾಡಿಯಾಗಿಸಿ ಕಳಿಸುತ್ತಾರೆ. ಕೆಲಸ ಮಾಡುತ್ತಾ ಊರನ್ನು ನೆನೆಸಿಕೊಳ್ಳುತ್ತಾರೆ, ಅದೂ ಇಲ್ಲಿಯದನ್ನು ದೂರುವ ಮೂಲಕ. ಇಲ್ಲಿನ ತೆಂಗಿನಕಾಯಿಯಲ್ಲಿ ಎಣ್ಣೆ ಇಲ್ಲ. ಇಲ್ಲಿನ ಬಂಗುಡೆಗೆ ರುಚಿ ಇಲ್ಲ. ಇಲ್ಲಿನ ಮಳೆಗೆ ಶಬ್ದವೇ ಇಲ್ಲ. ಹಾಗಾದರೆ ಒಮ್ಮೆ ಹೋಗಿ ಬನ್ನಿ ಎಂದರೆ ಮಾತ್ರ, "ಅಕ್ಕ ಕರೆದರೆ ಹೋಗ್ತೇನೆ" ಎಂದು ಉಳಿ ಎತ್ತಿಕೊಳ್ಳುತ್ತಿದ್ದರು.

ಅಕ್ಕ ಕರೆಯುವ ಹಾಗಿರಲಿಲ್ಲ. ತಾಯಿ ಇಲ್ಲದ ಅಪ್ಪನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು ಆ ಅಕ್ಕ. ಅವರ ಮಗಳ ಮದುವೆಗೆ ಬಂದೇ ಬರುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು. ಅಲ್ಲಿ ಧಾರೆಯ ಹೊತ್ತಿಗೆ ಹುಡುಗಿಯ ಸೋದರಮಾವ ನಿಲ್ಲದಿದ್ದರೆ ಅದು ಮದುವೆಯ ಹಾಗೇ ಅಲ್ಲವಂತೆ. ಅಷ್ಟರಲ್ಲಿ ಯುದ್ಧ ಬಂತು, ಹಡಗು ನಿಂತಿತು. ಚಪ್ಪರದಲ್ಲಿ ಎಲ್ಲರೂ ಕಾದು, ಕೊನೆಗೆ ಯಾರೋ ದೂರದ ಮಾವನನ್ನು ನಿಲ್ಲಿಸಿದರು. ಯುದ್ಧ ಮುಗಿದ ಮೇಲೆ ಹೋಗಬಹುದಿತ್ತು. ಆದರೆ ಅಷ್ಟು ಹೊತ್ತಿಗೆ ಅಪ್ಪ ಅಕ್ಕನಿಗೆ ತಿಳಿಸದೆ ಇಲ್ಲಿ ಮದುವೆಯಾಗಿದ್ದ ಸುದ್ದಿಯೂ ಅಲ್ಲಿಗೆ ತಲುಪಿತ್ತು. ಅಕ್ಕ ತಮ್ಮನ ಹೆಸರು ಹೇಳುವುದನ್ನು ಬಿಟ್ಟರು. ತಮ್ಮ ನಾಚಿಕೆಯಿಂದ ಇಲ್ಲೇ ಉಳಿದರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನನಗೆ ಶಾಲೆಯಿಂದ ದೀರ್ಘ ರಜೆ ಸಿಕ್ಕಿತು. ಅಪ್ಪ ಟಿಕೆಟು ತಂದು ಕೈಗಿಟ್ಟರು.

"ಅಕ್ಕನ ಬಾಯಿಂದ 'ಬಾ' ಅಂತ ಒಂದು ಮಾತು ತಾ ಲೀಲಾ. ಬೇರೆ ಎಂತದೂ ತರುವುದು ಬೇಡ" ಎಂದರು.

ಬಂಟ್ವಾಳ

ಮುಂಬಯಿಗೆ ಒಂದು ಹಡಗು, ಅಲ್ಲಿಂದ ಮಂಗಳೂರಿಗೆ ಇನ್ನೊಂದು. ನಾನು ಎರಡರಲ್ಲೂ ವಾಂತಿ ಮಾಡಿಕೊಂಡೆ, ಹಾಗಾಗಿ ಸಮುದ್ರದ ವರ್ಣನೆ ನನ್ನಿಂದ ನಿರೀಕ್ಷಿಸಬೇಡಿ. ಮಂಗಳೂರಿನಿಂದ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದು ಇಳಿದಾಗ, ಅಪ್ಪನ ಗಲ್ಲವನ್ನೇ ಕಿತ್ತು ಅಂಟಿಸಿಕೊಂಡಂತಿದ್ದ ಒಬ್ಬರು ನನ್ನ ಪೆಟ್ಟಿಗೆ ಎತ್ತಿಕೊಂಡರು. ಅಪ್ಪನ ಅಕ್ಕನ ಮಗ ವಾಸು. ನಾನು ಅವರನ್ನು ಭಾವ ಎಂದು ಕರೆಯಬೇಕಂತೆ.

ನಾನು ತುಳುವಿನಲ್ಲಿ ಎರಡು ಮಾತಾಡಿದೆ. ವಾಸು ಭಾವ ನಗು ತಡೆದುಕೊಂಡು, "ನಾವು ಕನ್ನಡ ಮಾತಾಡುವ, ಆಗದಾ?" ಎಂದರು. ಅಪ್ಪ ಊರು ಬಿಟ್ಟಾಗ ಚಾಲ್ತಿಯಲ್ಲಿದ್ದ ತುಳು ನನ್ನದು, ಅದೂ ಕಚ್ಛಿ ರಾಗದಲ್ಲಿ. ಅಂದಿನಿಂದ ಎಲ್ಲರೂ ನನ್ನೊಡನೆ ಶಾಲೆಯಲ್ಲಿ ಕಲಿತ ಕನ್ನಡವನ್ನು ನಿಧಾನವಾಗಿ, ಬೊಂಬೆಗೆ ಅಂಗಿ ಹಾಕುವವರ ಹಾಗೆ ಜೋಪಾನವಾಗಿ ಮಾತಾಡಿದರು.

ನೇತ್ರಾವತಿಯ ಬಗ್ಗೆ ಅಪ್ಪ ಹೇಳಿದ್ದು ಕೇಳಿ ನಾನು ಸಮುದ್ರದ ತಂಗಿಯನ್ನು ಕಲ್ಪಿಸಿಕೊಂಡಿದ್ದೆ. ಬೇಸಿಗೆಯಾದ್ದರಿಂದ ನದಿ ಮರಳಿನ ನಡುವೆ ಮೆತ್ತಗೆ ಹರಿಯುತ್ತಿತ್ತು. ಆದರೂ ನೋಡಿದ ಕೂಡಲೇ ನನಗೆ ಅಳು ಬಂತು. ಎಂದೂ ಕಾಣದ ನೀರನ್ನು ಕಂಡು, ಕಳೆದುಹೋದದ್ದು ಸಿಕ್ಕಿದ ಹಾಗೆ ಯಾಕೆ ಅಳಬೇಕೋ ಗೊತ್ತಿಲ್ಲ.

ಚಹಾ ಕುಡಿಯಲು ಕೂತಲ್ಲಿ ಮುದುಕರೊಬ್ಬರು ನನ್ನನ್ನು ವಿಚಾರಿಸಿದರು. ಯಾವ ಊರು, ಯಾರ ಮಗಳು ಎಂಬುದಾದ ಮೇಲೆ, "ನಿನ್ನ ಬರಿ ಯಾವುದು?" ಎಂದರು. ಬರಿ ಎಂದರೆ ಕುಲದ ಹೆಸರು, ಅದು ಅಲ್ಲಿ ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಕಚ್ಛಿನ ಅಮ್ಮನಿಂದ ನನಗೆ ಬಂದದ್ದು ಗುಂಗುರು ಕೂದಲು ಮಾತ್ರ. ನಾನು ಇಲ್ಲ ಎಂದೆ. ಮುದುಕರು ಪಾಪ, ನನಗೆ ಊಟವೇ ಆಗಿಲ್ಲ ಎಂಬಂತೆ ಮರುಗಿದರು.

ವಾಮದಪದವು

ಅಪ್ಪನ ಅಕ್ಕನನ್ನು ತುಳುವಿನಲ್ಲಿ ಮಾಮಿ ಎನ್ನಬೇಕು. ಮಾಮಿ ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದರು. ನನ್ನನ್ನು ನೋಡಿ ಒಳಗೆ ಹೋಗಿ, ಒಂದು ಚೊಂಬು ನೀರು, ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ ತಂದಿಟ್ಟರು. ನಾನು ಬೆಲ್ಲವನ್ನು ನೀರಿಗೆ ಹಾಕಿ, ಕಲಕಲು ಚಮಚ ಎಲ್ಲಿದೆ ಎಂದು ಸುತ್ತ ನೋಡಿದೆ. ಬೆಲ್ಲ ಕಚ್ಚುತ್ತಾ ನೀರು ಕುಡಿಯಬೇಕಂತೆ, ಅಪ್ಪ ಹೇಳಿಕೊಟ್ಟಿರಲಿಲ್ಲ. ವಾಸು ಭಾವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಓಡಿದರು. ಮಾಮಿ ನಗಲಿಲ್ಲ.

"ಇಷ್ಟೂ ಕಲಿಸಲಿಲ್ಲವಾ, ಆ ಮೊಂಬಾಸದವನು?" ಎಂದರು.

ತಮ್ಮನಿಗೆ ಅವರಿಟ್ಟ ಹೆಸರು ಅದು, ಮೊಂಬಾಸದವನು. ಆಮೇಲೆ ಎಷ್ಟು ದಿನ ಕಳೆದರೂ ನಾನು ಅಪ್ಪನ ಮಾತೆತ್ತಿದರೆ ಮಾಮಿಗೆ ಹಿತ್ತಿಲಲ್ಲಿ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ನನಗೆ ಮಾತ್ರ ಯಾವುದಕ್ಕೂ ಕಡಿಮೆ ಮಾಡಲಿಲ್ಲ. ತಲೆಗೆ ಎಣ್ಣೆ ತಿಕ್ಕಿದರು, ನನ್ನ ಕೂದಲಿನೊಂದಿಗೆ ಜಗಳವಾಡಿ ಜಡೆ ಹಾಕಿದರು. ಬಂಗುಡೆ ಸಾರು ಬಡಿಸಿದರು. ಅಪ್ಪ ಹೇಳಿದ್ದು ನಿಜ, ಮೊಂಬಾಸಾದ ಬಂಗುಡೆಗೆ ರುಚಿ ಇಲ್ಲ. ಆ ಸಾರು ಉಣ್ಣುತ್ತಾ, ಇದನ್ನು ಬಿಟ್ಟು ಬಂದ ಮನುಷ್ಯ ದಿನವೂ ಶೆಡ್ಡಿನಲ್ಲಿ ಕೂತು ಏನು ನುಂಗಿಕೊಂಡಿದ್ದಾನು ಎಂದು ಯೋಚಿಸಿ ನನಗೆ ತುತ್ತು ಇಳಿಯಲಿಲ್ಲ. ಖಾರ ಹೆಚ್ಚಾಯಿತೆಂದು ಮಾಮಿ ಮಜ್ಜಿಗೆ ಸುರಿದರು.

ಬೆಳ್ತಂಗಡಿ

ವಾಸು ಭಾವ ಬೆಳ್ತಂಗಡಿ ಕಡೆಯ ಒಂದು ರಬ್ಬರ್ ತೋಟದವರಿಂದ ಹಳೆಯ ಪಿಕಪ್ ಒಂದನ್ನು ಕೊಂಡಿದ್ದರು. ಅದನ್ನು ತರಲು ನಾನೂ ಹೋದೆ. ರಬ್ಬರ್ ಶೀಟು ಹೊತ್ತ ಗಾಡಿ, ವಾಸನೆಗೆ ಮೂಗು ಮುಚ್ಚಬೇಕು. ಬರುವಾಗ ಮೂರು ಸಲ ನಿಂತಿತು, ಎರಡು ಸಲ ನಾನೂ ಇಳಿದು ತಳ್ಳಿದೆ. ನಮ್ಮಲ್ಲಿ ಗಾಡಿ ನಿಂತರೆ ತಳ್ಳುವವರು ಹಾಡು ಹೇಳುತ್ತಾರೆ. ಅಲ್ಲಿ ತಳ್ಳುವವರಿಗಿಂತ, ಎಲ್ಲಿ ಕೈ ಇಡಬೇಕೆಂದು ಹೇಳುವವರು ಹೆಚ್ಚು.

"ಇದಕ್ಕೆ ಬೆಂಚು ಹಾಕಿ ಜನ ಕೂರಿಸುವ ಅಂತ ಉಂಟು. ನಮ್ಮ ಕಡೆಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾವ ಅಲ್ಲಿ ಇದೇ ಕೆಲಸ ಮಾಡುವುದಲ್ವಾ? ನಿಂಗೆ ಗೊತ್ತುಂಟಾ, ಹೇಗೆ ಅಂತ?" ಎಂದು ವಾಸು ಭಾವ ಕೇಳಿದರು.

ಚಿಕ್ಕಂದಿನಿಂದ ಅಪ್ಪನ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದವಳು ನಾನು. ಗೊತ್ತುಂಟು ಎಂದೆ. ಆ ಉತ್ತರ ಕೊಡುವಾಗ ನನಗಾದ ಸಂತೋಷಕ್ಕೆ ಮಿತಿಯಿರಲಿಲ್ಲ. ಬರಿ ಇಲ್ಲದವಳಿಗೂ ಆ ಊರಿನಲ್ಲಿ ಮಾಡಲು ಒಂದು ಕೆಲಸ ಸಿಕ್ಕಿತ್ತು. ಜನ ಕೂರಿಸಲು ಬೇಕಾದ ಪರ್ಮಿಟ್ಟಿನ ವಿಷಯ ಮಾತ್ರ ಎಲ್ಲೂ ಬರೆಯಬೇಡ ಎಂದು ವಾಸು ಭಾವ ಹೇಳಿದ್ದಾರೆ, ಆದ್ದರಿಂದ ಬರೆಯುವುದಿಲ್ಲ.

ಮತ್ತೆ ಬಂಟ್ವಾಳ

ಬಂಟ್ವಾಳದಲ್ಲಿ ನದಿಯ ಕಡೆಗೆ ಬೆನ್ನು ಮಾಡಿ ನಿಂತ ಒಂದು ಶೆಡ್ಡಿನಲ್ಲಿ ಕೆಲಸ ನಡೆಯಿತು. ಬೆಂಚಿಗೆ ಹೆಬ್ಬಲಸಿನ ಹಲಗೆ ಬಂತು. ಟರ್ಪಾಲು ಎತ್ತಿ ಹಿಡಿಯಲು ಕಬ್ಬಿಣದ ಕೊಳವೆ ಬಗ್ಗಿಸಿದರು. ಹಿಡಿದುಕೊಳ್ಳಲು ಮಧ್ಯದಲ್ಲಿ ಒಂದು ಹಗ್ಗ ಇಳಿಬಿಟ್ಟರು. ಬಡಗಿ ಆಚಾರಿಯವರು ಬೆಂಚುಗಳನ್ನು ಬಸ್ಸಿನ ಹಾಗೆ ಸಾಲಾಗಿ, ಮುಂದಕ್ಕೆ ಮುಖ ಮಾಡಿ ಇಡುವ ಎಂದರು. ನಾನು ಒಪ್ಪಲಿಲ್ಲ. ಅಪ್ಪನ ಪದ್ಧತಿಯಲ್ಲಿ ಎರಡು ಬೆಂಚು ಗಾಡಿಯ ಎರಡು ಬದಿಗೆ, ಎದುರುಬದುರು ಇರಬೇಕು. ನಡುವೆ ಒಂದು ಮೀನಿನ ಬುಟ್ಟಿಯಷ್ಟು ಅಗಲ. ಹೀಗಿದ್ದರೆ ಜನವೂ ಹಿಡಿಸುತ್ತದೆ, ಸಾಮಾನೂ ಹಿಡಿಸುತ್ತದೆ, ಮತ್ತು ಎದುರು ಕೂತವರ ಮುಖ ಕಾಣುವುದರಿಂದ ದಾರಿ ಬೇಗ ಕಳೆಯುತ್ತದೆ ಎಂದು ಅಪ್ಪ ಹೇಳುತ್ತಾರೆ.

ಆಚಾರಿಯವರು ಏನೋ ಹೇಳಲು ಹೊರಟವರು, ಪರದೇಶದ ಟೀಚರಮ್ಮನ ಎದುರು ಯಾಕೆಂದು ಸುಮ್ಮನಾದರು. ಹತ್ತರಿ ಹೊಡೆದು ಹಲಗೆ ನಯಗೊಳಿಸುವ ಶಬ್ದ, ಹಾರುವ ಹೊಟ್ಟಿನ ಪರಿಮಳ ನಮ್ಮ ಶೆಡ್ಡಿನದೇ. ಕಣ್ಣು ಮುಚ್ಚಿದರೆ ಮೊಂಬಾಸಾ, ತೆರೆದರೆ ನೇತ್ರಾವತಿ. ಎರಡರ ನಡುವೆ ಅಪ್ಪ ಒಬ್ಬರು ಇರಬೇಕಿತ್ತು. ಆ ದಿನಗಳಲ್ಲಿ ನನಗೆ ಅಪ್ಪನದು ವಿಪರೀತ ನೆನಪು.

ಮೂಡುಬಿದಿರೆಯ ದಾರಿ

ಮೊದಲ ಸವಾರಿ ಮೂಡುಬಿದಿರೆಗೆ. ಮಾಮಿಯ ಮಗಳು ಗಿರಿಜಕ್ಕ, ಅಪ್ಪ ತಪ್ಪಿಸಿಕೊಂಡ ಮದುವೆಯ ಮದುಮಗಳು, ಇರುವುದು ಅಲ್ಲಿ. ಮಾಮಿ ಸ್ನಾನ ಮಾಡಿ, ಹೊಸ ಸೀರೆಯುಟ್ಟು, ಕೊಡೆ ಹಿಡಿದು ಬಂದು, ಎಡಬದಿಯ ಬೆಂಚಿನ ತುದಿಯಲ್ಲಿ, ಹತ್ತುವ ಮೆಟ್ಟಿಲಿನ ಬಳಿ ಕೂತರು. ಕಾಲು ಇಳಿಬಿಡದೆ ಮಡಚಿಕೊಂಡೇ ಕೂತರು. ನೋಡಿದರೆ ಹತ್ತಿದವರೆಲ್ಲ ಹಾಗೆಯೇ, ಜಗಲಿಯಲ್ಲಿ ಕೂತಂತೆ.

ಜಂಕ್ಷನ್ನಿನಲ್ಲಿ ಒಬ್ಬರು ಕಂಕುಳಲ್ಲಿ ಕೆಂಪು ಹುಂಜ ಇಟ್ಟುಕೊಂಡು ಹತ್ತಿದರು. ಸ್ವಲ್ಪ ಮುಂದೆ ಇನ್ನೊಬ್ಬರು ಕಪ್ಪು ಹುಂಜದೊಂದಿಗೆ ಹತ್ತಿ, ಖಾಲಿ ಇದ್ದ ಎದುರು ಬೆಂಚಿನಲ್ಲಿ ಕೂತರು. ಅಂದು ದಾರಿಯಲ್ಲೆಲ್ಲೋ ಕೋಳಿ ಅಂಕವಿತ್ತು, ಹುಂಜಗಳ ಕಾಲಿಗೆ ಬಾಳು ಎಂಬ ಸಣ್ಣ ಕತ್ತಿ ಕಟ್ಟಿ ಕಾದಿಸುವ ಆಟ. ಆಟಕ್ಕೆ ಮೊದಲು ಎರಡು ಹುಂಜಗಳು ಒಂದನ್ನೊಂದು ನೋಡಬಾರದು ಎಂಬುದು ಆ ಊರಿನ ಮಕ್ಕಳಿಗೂ ಗೊತ್ತು. ಆಚಾರಿಯವರು ನುಂಗಿಕೊಂಡ ಮಾತು ಅದೇ ಇರಬೇಕು. ನಮ್ಮ ಬೆಂಚುಗಳಲ್ಲಿ ಹುಂಜಗಳು ನೋಡುವುದು ಒಂದನ್ನೊಂದು ಮಾತ್ರ.

ಕೆಂಪು ಹುಂಜ ಕತ್ತಿನ ಗರಿಯನ್ನು ನಿಮಿರಿಸಿತು. ಕಪ್ಪು ಹುಂಜವೂ ನಿಮಿರಿಸಿತು. ಆಮೇಲೆ ನಡೆದದ್ದನ್ನು ಕ್ರಮವಾಗಿ ಹೇಳಲಾರೆ. ಒಣಮೀನಿನ ಬುಟ್ಟಿಯೊಂದು ನನ್ನ ಮಡಿಲಿಗೆ ಬಂತು, ಯಾರದೋ ಮೊಣಕೈ ನನ್ನ ಬಾಯಿಗೆ ಬಂತು. ವಾಸು ಭಾವ ಗಾಡಿ ನಿಲ್ಲಿಸಿ ಹಿಂದೆ ಓಡಿ ಬರುವಷ್ಟರಲ್ಲಿ ಕಪ್ಪು ಹುಂಜ ಸೋತು, ಹಾರಿ, ಮಾಮಿಯ ಸೆರಗಿನ ಮರೆಗೆ ಸೇರಿತ್ತು.

ನಿಜವಾದ ಜಗಳ ಶುರುವಾದದ್ದು ಆಗ. ಅಂಕದಲ್ಲಿ ಸೋತ ಹುಂಜ ಗೆದ್ದವನಿಗೆ ಸೇರಬೇಕು. ಕೆಂಪು ಹುಂಜದವರು ಕಪ್ಪನ್ನು ತನಗೆ ಕೊಡು ಎಂದರು. ಕಪ್ಪು ಹುಂಜದವರು, "ಗಾಡಿಯಲ್ಲಿ ಸೋತದ್ದು ಲೆಕ್ಕಕ್ಕೆ ಉಂಟಾ ಮಾರಾಯ?" ಎಂದರು. ಕೊನೆಗೆ ಹಿರಿಯರು ಹೇಳಲಿ ಎಂದು ಎಲ್ಲರೂ ಮಾಮಿಯ ಮುಖ ನೋಡಿದರು.

"ಬಾಳು ಕಟ್ಟದೆ ಅಂಕ ಇಲ್ಲ. ಅವರವರ ಕೋಳಿ ಅವರವರಿಗೆ" ಎಂದು ಮಾಮಿ ತೀರ್ಪು ಕೊಟ್ಟರು. ಆಮೇಲೆ ಸೀರೆಯ ಮೇಲಿನ ಗರಿ ಕೊಡವುತ್ತಾ, "ಈ ಎದುರುಬದುರು ಬೆಂಚು ಯಾರ ಬುದ್ಧಿ?" ಎಂದರು.

"ಅಪ್ಪ ಅಲ್ಲಿ ಹೀಗೆಯೇ ಮಾಡುವುದು ಮಾಮಿ" ಎಂದೆ.

ಗಾಡಿ ಮತ್ತೆ ಹೊರಟಿತು. ಕೆಂಪು ಹುಂಜವನ್ನು ಮುಂದೆ ಡ್ರೈವರ್ ಪಕ್ಕ ಕೂರಿಸಿದ್ದರು.

"ಅವನಿಗೆ ಕೋಳಿ ಕೂಡಾ ಮರೆತು ಹೋಯಿತಾ?" ಎಂದರು ಮಾಮಿ, ಹಿಂದೆ ಸರಿಯುವ ರಸ್ತೆಯನ್ನೇ ನೋಡುತ್ತಾ. "ತಲೆದಿಂಬಿನ ಹತ್ತಿರ ಹುಂಜ ಇಟ್ಟುಕೊಂಡು ಮಲಗುತ್ತಿದ್ದ. ನಾನು ಬೈದರೆ, ಅಕ್ಕ, ಅದಕ್ಕೆ ಒಬ್ಬನೇ ಇದ್ದರೆ ಬೇಜಾರಾಗ್ತದೆ ಅಂತ ಹೇಳ್ತಿದ್ದ. ಅಂಥವನಿಗೆ ಕೋಳಿ ಮರೆತರೆ, ಮತ್ತೆ ನೆನಪಿರುವುದು ಎಂತ?"

ಅವರ ಕಣ್ಣು ತುಂಬಿತ್ತು. ಅಪ್ಪನಿಗೆ ಎಲ್ಲವೂ ನೆನಪುಂಟು, ದಿನವೂ ಅದನ್ನೇ ಹೇಳುತ್ತಾರೆ ಎನ್ನಬೇಕೆಂದುಕೊಂಡೆ. ಆದರೆ ಅಪ್ಪ ನನಗೆ ಹುಂಜದ ಕಥೆಯನ್ನು ಒಮ್ಮೆಯೂ ಹೇಳಿರಲಿಲ್ಲ. ಹೇಳಿದರೆ ದುಃಖ ತಡೆಯಲಾಗದೆಂದು ಹೇಳದೆ ಇಟ್ಟುಕೊಂಡಿದ್ದರೋ, ನಿಜವಾಗಿ ಮರೆತರೋ ಎಂದು ನನಗೆ ಭಯವಾಯಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬರು ನನ್ನ ಕಡೆ ತಿರುಗಿ ಮಾಮಿಯನ್ನು ಕೇಳಿದರು, "ಈ ಹುಡುಗಿಯ ಬರಿ ಯಾವುದು?"

"ನಮ್ಮ ಹುಡುಗಿ" ಎಂದರು ಮಾಮಿ. ಅದು ಆ ಪ್ರಶ್ನೆಗೆ ಉತ್ತರವಲ್ಲ, ಆದರೆ ಆ ಹೆಂಗಸು ಮತ್ತೆ ಕೇಳಲಿಲ್ಲ.

ಮೂಡುಬಿದಿರೆಯ ಬಸದಿಯ ಕಂಬಗಳನ್ನು ನೋಡಿದೆಯಾ ಎಂದು ಎಲ್ಲರೂ ಕೇಳುತ್ತಾರೆ. ನೋಡಲಿಲ್ಲ. ಒಣಮೀನಿನ ವಾಸನೆ ಹೊತ್ತು ಬಸದಿಗೆ ಹೋಗುವುದು ಹೇಗೆ? ಗಿರಿಜಕ್ಕನ ಮನೆಯಲ್ಲಿ ತಿಕ್ಕಿ ತಿಕ್ಕಿ ಸ್ನಾನ ಮಾಡುವಷ್ಟರಲ್ಲಿ ಹೊರಡುವ ಹೊತ್ತಾಗಿತ್ತು.

ವಾಮದಪದವಿಗೆ ಮರಳಿದ ಮೇಲೆ ವಾಸು ಭಾವ, "ನಾಳೆಯೇ ಬೆಂಚು ತೆಗೆಸಿ ಬಸ್ಸಿನ ಹಾಗೆ ಮಾಡಿಸ್ತೇನೆ" ಎಂದರು. ನನಗೂ ಅದೇ ಸರಿ ಎನಿಸಿತ್ತು.

"ಬೇಡ" ಎಂದರು ಮಾಮಿ. "ಇರಲಿ ಹಾಗೆಯೇ. ಕೋಳಿಯವರಲ್ಲಿ ಒಬ್ಬನನ್ನು ಮುಂದೆ ಕೂರಿಸಿದರೆ ಆಯಿತು."

ಯಾಕೆಂದು ಕೇಳುವ ಧೈರ್ಯ ಅವರ ಮಗನಿಗೇ ಇರಲಿಲ್ಲ.

ಪಾಣೆಮಂಗಳೂರು

ರಜೆ ಮುಗಿಯುತ್ತಾ ಬಂತು. ಹೊರಡುವ ಹಿಂದಿನ ಸಂಜೆ ಮಾಮಿ ಎಲೆಯಡಿಕೆ ಹಾಕಿಕೊಂಡು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಇನ್ನು ಸುತ್ತಿ ಬಳಸಿ ಪ್ರಯೋಜನವಿಲ್ಲ ಎಂದು ನೇರವಾಗಿ ಕೇಳಿದೆ.

"ಮಾಮಿ, ಅಪ್ಪನಿಗೆ ಎಂತ ಹೇಳಲಿ?"

"ಹೇಳ್ಲಿಕ್ಕೆ ಎಂತ ಉಂಟು? ನಾವೆಲ್ಲ ಆರಾಮ ಅಂತ ಹೇಳು."

"ಬಾ ಅಂತ ಹೇಳಲಾ? ನೀವು ಕರೆದರೆ ಬರ್ತಾರೆ."

ಮಾಮಿ ಎದ್ದು ಅಂಗಳದ ತುದಿಗೆ ಹೋಗಿ ಉಗುಳಿ ಬಂದರು. "ಅವನು ಹೋಗುವಾಗ ಹೋಗು ಅಂತ ನಾನು ಹೇಳಿದ್ದಾ? ಮತ್ತೆ ಬಾ ಅಂತ ನಾನು ಯಾಕೆ ಹೇಳಬೇಕು?"

ಅಷ್ಟಕ್ಕೆ ಮಾತು ಮುಗಿಯಿತು. ಆ ರಾತ್ರಿ ನನಗೆ ಮಾಮಿಯ ಮೇಲೆ ಬಹಳ ಸಿಟ್ಟು ಬಂತು. ಇಷ್ಟು ದೂರ ಬಂದು ಒಂದು ಮಾತು ದೊರಕಿಸಿಕೊಳ್ಳಲಾಗದ ನನ್ನ ಮೇಲೂ ಬಂತು.

ಮಾರನೆಯ ದಿನ ಪಾಣೆಮಂಗಳೂರಿನ ತನಕ ಪಿಕಪ್ಪಿನಲ್ಲೇ ಹೋಗುವುದೆಂದಾಯಿತು. ಅಲ್ಲಿನ ಪೇಟೆಯಲ್ಲಿ ನನಗೆ ಬಳೆ ಇಡಿಸಬೇಕೆಂದು ಮಾಮಿಯ ಹಟ. ಮನೆಯಿಂದ ಹೊರಡುವ ಹೆಣ್ಣುಮಗಳನ್ನು ಬರಿಗೈಯಲ್ಲಿ ಕಳಿಸಬಾರದಂತೆ. ಮಾಮಿ ತಮ್ಮ ಮಾಮೂಲಿ ಜಾಗದಲ್ಲಿ, ಎಡಬದಿಯ ತುದಿಯಲ್ಲಿ ಕೂತು, ಎದುರು ಬೆಂಚಿನ ಮೇಲೆ ತಮ್ಮ ಕೊಡೆಯನ್ನು ಅಡ್ಡ ಇಟ್ಟರು. ನಾನು ಅಲ್ಲಿ ಕೂರಲು ಹೋದಾಗ ಕೈಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು.

ಅಂದು ಸಂತೆಯ ಜನ. ದಾರಿಯುದ್ದಕ್ಕೂ ಹತ್ತುತ್ತಲೇ ಇದ್ದರು. ಹತ್ತಿದವರು ಸಹಜವಾಗಿ ಕೊಡೆಯತ್ತ ಕೈ ಚಾಚುತ್ತಿದ್ದರು.

"ಅಲ್ಲಿ ಜನ ಉಂಟು" ಎನ್ನುತ್ತಿದ್ದರು ಮಾಮಿ.

ಜನ ಇದ್ದರೆ ಮುಂದೆ ಎಲ್ಲೋ ಹತ್ತುವವರಿರಬೇಕು ಎಂದು ಅವರು ಆಚೆ ಸರಿದು ಕೂರುತ್ತಿದ್ದರು. ಗಾಡಿ ತುಂಬಿತು. ಇಬ್ಬರು ಹಗ್ಗ ಹಿಡಿದು ನಿಂತರು. ಬಂಟ್ವಾಳ ದಾಟಿತು, ಸೇತುವೆಯೂ ದಾಟಿತು, ಆ ಜನ ಹತ್ತಲಿಲ್ಲ. ಪಾಣೆಮಂಗಳೂರಿನಲ್ಲಿ ಇಳಿದ ಮೇಲೆ, ಯಾರು ಬರಬೇಕಿತ್ತು ಎಂದು ವಾಸು ಭಾವನನ್ನು ಗುಟ್ಟಾಗಿ ಕೇಳಿದೆ.

"ಮೂಡುಬಿದಿರೆಗೆ ಹೋಗಿ ಬಂದ ಮೇಲೆ ಯಾವಾಗಲೂ ಹಾಗೆಯೇ ಇಡ್ತಾರೆ ಮಾರಾಯ್ತಿ. ಒಂದು ಸೀಟು ದಂಡ. ಅಮ್ಮನಿಗೆ ಯಾರು ಹೇಳುವುದು?" ಎಂದರು.

ಮಾಮಿ ಹಸಿರು ಗಾಜಿನ ಬಳೆ ಆರಿಸಿ ನನ್ನ ಎರಡೂ ಕೈಗೆ ಇಡಿಸಿದರು. ಅಪ್ಪನಿಗೆಂದು ಏನೂ ಕೊಡಲಿಲ್ಲ. ಮಂಗಳೂರಿನ ಬಸ್ಸು ಬಂದಾಗ ನನ್ನ ಕೆನ್ನೆ ಸವರಿ, "ನೀರು ಸರಿ ಕುಡಿ, ಬೆಲ್ಲ ಕಲಕಬೇಡ" ಎಂದರು. ಬಸ್ಸು ಹೊರಟ ಮೇಲೆ ತಿರುಗಿ ನೋಡಿದೆ. ಅವರು ಪಿಕಪ್ಪಿನ ಹಿಂದೆ ಅದೇ ಜಾಗದಲ್ಲಿ ಮತ್ತೆ ಹೋಗಿ ಕೂತಿದ್ದರು.

ಮೊಂಬಾಸಾ

ಅಪ್ಪ ಬಂದರಿಗೆ ಬಂದಿದ್ದರು. ಬಳೆ ನೋಡಿದರು, ನನ್ನ ಮುಖ ನೋಡಿದರು, ಪೆಟ್ಟಿಗೆ ಎತ್ತಿಕೊಂಡರು. ಮನೆಗೆ ಹೋಗಿ ಊಟ ಮಾಡಿದ ಮೇಲೆ ಶೆಡ್ಡಿಗೆ ಹೋಗಿ ನಾನೇ ಹೇಳಿದೆ.

"ಕರೆಯಲಿಲ್ಲ ಅಪ್ಪ."

"ಹೌದಾ" ಎಂದು ಅಪ್ಪ ಹತ್ತರಿ ಹೊಡೆಯುವುದನ್ನು ಮುಂದುವರಿಸಿದರು. ಅವರ ಬೆನ್ನು ನೋಡಲಾರದೆ ನಾನು ಮಾತು ಬದಲಿಸಿದೆ. ವಾಸು ಭಾವನ ಪಿಕಪ್ಪಿನ ಕಥೆ ಹೇಳಿದೆ. ಹುಂಜಗಳ ಜಾಗಕ್ಕೆ ಬಂದಾಗ ಅಪ್ಪ ನಕ್ಕು ನಕ್ಕು ಕೆಮ್ಮಿದರು. ಅಕ್ಕ ಕೊಟ್ಟ ತೀರ್ಪು ಕೇಳಿ ತೊಡೆ ತಟ್ಟಿಕೊಂಡರು. ಆಮೇಲೆ ನಗು ನಿಂತಿತು.

"ಎದುರುಬದುರು ಕೂರಿಸಿದರೆ ಹುಂಜ ಕಾದಾಡ್ತದೆ ಅಂತ ನಂಗೆ ಹೊಳೆಯಲೇ ಇಲ್ಲ ನೋಡು. ಇಷ್ಟು ವರ್ಷ ಬೆಂಚು ಮಾಡಿದೆ" ಎಂದರು. ಮತ್ತೆ ಹತ್ತರಿ ಹಿಡಿದು, "ಬೆಂಚು ಬದಲಿಸಿದರಾ?"

"ಇಲ್ಲ. ಮಾಮಿ ಬಿಡಲಿಲ್ಲ."

"ಅಕ್ಕ ಎಲ್ಲಿ ಕೂರ್ತಾಳೆ?"

"ಎಡಬದಿಯ ತುದಿಯಲ್ಲಿ, ಮೆಟ್ಟಿಲ ಹತ್ತಿರ."

"ಎದುರಿಗೆ ಯಾರು?"

"ಯಾರೂ ಇಲ್ಲ. ಕೊಡೆ ಇಡ್ತಾರೆ. ಯಾರಾದರೂ ಕೂರಲಿಕ್ಕೆ ಬಂದರೆ ಅಲ್ಲಿ ಜನ ಉಂಟು ಅಂತ ಹೇಳ್ತಾರೆ."

ಅಪ್ಪನ ಕೈ ನಿಂತಿತು.

"ಆಮೇಲೆ ಯಾರು ಬಂದರು?"

"ಯಾರೂ ಬರಲಿಲ್ಲ ಅಪ್ಪ. ಪಾಣೆಮಂಗಳೂರಿನವರೆಗೂ ಹಾಗೆಯೇ ಖಾಲಿ ಇತ್ತು. ಯಾವಾಗಲೂ ಹಾಗೆಯೇ ಅಂತೆ."

ಅಪ್ಪ ಹತ್ತರಿಯನ್ನು ಕೆಳಗಿಟ್ಟರು. ಅದರ ಬಾಯಿಗೆ ಸಿಕ್ಕಿದ್ದ ಹೊಟ್ಟನ್ನು ನಿಧಾನವಾಗಿ ತೆಗೆದರು, ಕೈ ಒರೆಸಿಕೊಂಡರು, ಒರೆಸಿದ ಬಟ್ಟೆಯಿಂದಲೇ ಕಣ್ಣನ್ನೂ ಒರೆಸಿಕೊಂಡರು.

"ಮಳೆ ಹಿಡಿಯುವ ಮೊದಲು ಮುಂಬಯಿಗೆ ಇನ್ನೊಂದು ಹಡಗು ಉಂಟಾ?" ಎಂದು ಕೇಳಿದರು.